ಅಟ್ಟದ ಮೇಲಿನ ಕಳ್ಳ

"ಬುದ್ಧಿ, ನನ್ನ ಎದೆಯಲ್ಲಿ ಕ್ಷಯ ಕೂತಿದೆ. ನಾನು ಉಣ್ಣುವ ಅನ್ನವೇ ಅದಕ್ಕೂ ಅನ್ನ. ನಾನು ಉಪವಾಸವಿದ್ದರೆ ಅದು ಹಸಿದು ಸಾಯುವುದಿಲ್ಲವೇ?"

ಕೇಳಿದವನು ಮಠದ ಶಿಷ್ಯ ಗುರುಪಾದ. ಆಸ್ಪತ್ರೆಯ ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದ, ಊಟವನ್ನು ಮಾತ್ರ ಹಟ ಹಿಡಿದು ಬಿಟ್ಟಿದ್ದ. ತೋಳು ಕಡ್ಡಿಯಾಗಿತ್ತು. ಗುರುಗಳಿಗೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು. ಅವರು ಒಂದು ಕತೆ ಹೇಳಿದರು:

ಗಾಣ ಇಟ್ಟುಕೊಂಡಿದ್ದ ಒಬ್ಬ ಎಣ್ಣೆ ವ್ಯಾಪಾರಿಯ ಮನೆಗೆ ಕಳ್ಳ ನುಗ್ಗಿ ಅಟ್ಟ ಸೇರಿಕೊಂಡ. ಅವನ ಕೈಯಲ್ಲಿ ಕತ್ತಿ ಇತ್ತು. ಏಣಿ ಹತ್ತಿದವನ ತಲೆ ಉಳಿಯುವಂತಿರಲಿಲ್ಲ. ಮನೆಯ ಆಳುಗಳು ದೊಣ್ಣೆ ಹಿಡಿದು ಏಣಿಯ ಬುಡದಲ್ಲಿ ಕಾವಲು ನಿಂತರು. ಅವನು ಇಳಿಯುವಂತಿಲ್ಲ, ಇವರು ಹತ್ತುವಂತಿಲ್ಲ. ರಾಜನ ದಂಡು ದೂರದಿಂದ ಹೊರಟಿತ್ತು, ಬರುವುದು ತಡವಿತ್ತು.

ವ್ಯಾಪಾರಿ ಬಲು ಜಾಣ, ಅದೇ ಅವನಿಗೆ ಮುಳುವಾಯಿತು. ಹೆಂಡತಿಯನ್ನು ಕರೆದು, "ಇವತ್ತಿನಿಂದ ಒಲೆ ಹಚ್ಚಬೇಡ. ಮನೆಯಲ್ಲಿ ಅನ್ನ ಬೆಂದರೆ ತಾನೇ ಕಳ್ಳನಿಗೂ ತುತ್ತು ಸಿಗುವುದು? ಹಸಿದು ಇಳಿದು ಬರಲಿ" ಎಂದ.

"ಕಾವಲಿಗೆ ನಿಂತವರಿಗೆ?" ಎಂದಳು ಅವಳು.

"ಹೇಗೋ ತಡೆದುಕೊಳ್ಳುತ್ತಾರೆ."

ಅಟ್ಟದ ಮೇಲೆ ಎಣ್ಣೆಯ ಗಡಿಗೆಗಳಿದ್ದವು. ಕಳ್ಳ ಅಲ್ಲಾಡದೆ ಮಲಗಿದ. ಮಲಗಿದವನಿಗೆ ಎಷ್ಟು ಬೇಕು? ಹಸಿವಾದಾಗ ಗಡಿಗೆಗೆ ಬೆರಳದ್ದಿ ನೆಕ್ಕುತ್ತಿದ್ದ.

ಕೆಳಗಿನವರು ಕಣ್ಣು ಮುಚ್ಚುವಂತಿರಲಿಲ್ಲ. ನಿಯತ್ತಿನ ಜನ, ಜಾಗ ಬಿಡಲಿಲ್ಲ. ಆದರೆ ಹೊಟ್ಟೆ ಕೇಳಬೇಕಲ್ಲ. ಗಾಣಕ್ಕೆ ತಂದಿಟ್ಟ ಶೇಂಗಾ ತಿಂದು ಮುಗಿಸಿದರು. ಆಮೇಲೆ ಎತ್ತಿಗೆ ಇಟ್ಟಿದ್ದ ಹಿಂಡಿಗೆ ಕೈ ಹಾಕಿದರು. ಎತ್ತು ಸೊರಗಿ ಬಿತ್ತು. ಹಿಂಡಿ ಬೇಯಿಸಲು ಸೌದೆ ಸಿಗದೆ ಗಾಣವನ್ನೇ ಒಡೆದು ಉರಿ ಹಾಕಿದರು. ಕಳ್ಳ ಮುಟ್ಟದ ಮನೆಯನ್ನು ಕಾಯುವವರೇ ಬರಿದು ಮಾಡಿದರು. ಅವರನ್ನು ಬೈದು ಏನು ಪ್ರಯೋಜನ?

ಕೊನೆಗೆ ಹಿಂಡಿಯೂ ತೀರಿತು. ನಿತ್ರಾಣದಿಂದ ಒಬ್ಬನ ಕೈಯ ದೊಣ್ಣೆ ಜಾರಿತು. ಸದ್ದು ಕೇಳಿ ಕಳ್ಳ ಏಣಿಯ ಮೇಲೆ ಕಾಲಿಟ್ಟ.

ಹೆಂಡತಿ ಅದನ್ನು ಕಂಡಳು. ಬಿದ್ದ ದೊಣ್ಣೆ ಎತ್ತಿಕೊಂಡು ಏಣಿಗೆ ಬಡಿದಳು. ಕಳ್ಳ ಕಾಲು ಹಿಂದೆಗೆದ. ಆ ದೊಣ್ಣೆಯನ್ನು ಗಂಡನ ಕೈಗೆ ಕೊಟ್ಟು ಅಲ್ಲೇ ನಿಲ್ಲಿಸಿ, ನೆರೆಮನೆಯಿಂದ ಅಕ್ಕಿ ಬೇಳೆ ತಂದು ಒಲೆ ಹಚ್ಚಿದಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಆಳುಗಳಿಗೆ ಹೊಟ್ಟೆ ತುಂಬ ಬಡಿಸಿದಳು. ದಂಡು ಬರುವವರೆಗೂ ಆ ಒಲೆ ಆರಲಿಲ್ಲ, ಕಾವಲೂ ಸಡಿಲಲಿಲ್ಲ.

ದಂಡಿನವರು ಬಂದು ಕಳ್ಳನನ್ನು ಕಟ್ಟಿ ಇಳಿಸಿದರು. ಅವನ ಮೈ ಒಂದಿಷ್ಟೂ ಇಳಿದಿರಲಿಲ್ಲ.

ಕತೆ ಮುಗಿಸಿ ಗುರುಗಳು, ಗುರುಪಾದ ಮುಟ್ಟದೆ ಬಿಟ್ಟಿದ್ದ ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿದರು.

"ಮಾತ್ರೆಗಳ ದಂಡು ದಾರಿಯಲ್ಲಿದೆ ಮಗು, ನಿನ್ನ ಮೈಯೊಳಗೆ ಏಣಿಯ ಬುಡದಲ್ಲಿ ಕಾವಲು ನಿಂತವರಿಗೆ ಇವತ್ತು ಏನು ಬಡಿಸಿದೆ?"