ಕೋತಿ ಬಾಯಲ್ಲಿ ಅಜ್ಜನ ಹಲ್ಲು

ಬಾಯಿ ಮುಚ್ಚಿ, ಕಿವಿ ತೆಗೀರಿ. ಇದು ಹಲ್ಲು ಹೋದ ಕಥೆ.

ಪಮ್ಮಿ ಅಂತ ಒಬ್ಬಳು ಹುಡುಗಿ. ಒಂದು ಭಾನುವಾರ ಪಮ್ಮಿ ಪಾರ್ಕಿಗೆ ಹೊರಟಳು. ಅಮ್ಮ ಬಂದಳು. ಅಪ್ಪ ಬಂದ. ಅಜ್ಜ ಬಂದ. ಅಮ್ಮನ ಸೊಂಟದ ಮೇಲೆ ತಮ್ಮನೂ ಬಂದ. ತಮ್ಮ ಇನ್ನೂ ಪುಟಾಣಿ. ಅವನಿಗೆ ಮಾತು ಬರಲ್ಲ. ನಡೆಯೋಕೆ ಬರಲ್ಲ. ಅಳೋಕೆ ಮಾತ್ರ ಬಹಳ ಚೆನ್ನಾಗಿ ಬರುತ್ತೆ.

ಊರಾಚೆ, ಗುಡ್ಡದ ಕೆಳಗೆ ದೊಡ್ಡ ಪಾರ್ಕು. ಅಲ್ಲಿ ಮರ ಇತ್ತು, ಕೆರೆ ಇತ್ತು, ನವಿಲು ಇತ್ತು. ಕೋತಿಯೂ ಇತ್ತು.

ಅಲ್ಲಿಗೆ ಹೋದ ಕೂಡಲೇ ಅಜ್ಜ ಶೇಂಗಾ ಚಿಕ್ಕಿ ಬಾಯಿಗೆ ಹಾಕಿಕೊಂಡ. ಚಿಕ್ಕಿ ಹಲ್ಲಿಗೆ ಅಂಟಿತು. ಅಜ್ಜನದು ಕಟ್ಟಿಸಿದ ಹಲ್ಲು. ಅಜ್ಜ ಹಲ್ಲಿನ ಸೆಟ್ಟು ತೆಗೆದ. ನಲ್ಲಿಯಲ್ಲಿ ತೊಳೆದ. ಒಣಗಲಿ ಅಂತ ಕಲ್ಲುಬೆಂಚಿನ ಮೇಲೆ ಇಟ್ಟ.

ಚಂಗ್! ಆಲದ ಮರದಿಂದ ಕೋತಿ ಇಳೀತು.
ಸರಕ್! ಹಲ್ಲು ಎತ್ಕೊಂಡಿತು.
ಚಂಗ್! ಮರ ಹತ್ತಿತು.

ಅಜ್ಜನ ಹಲ್ಲನ್ನ ತನ್ನ ಬಾಯಿಗೇ ಹಾಕ್ಕೊಂಡು ಈ... ಅಂತ ಹಲ್ಕಿರೀತು.

"ಅಯ್ಯೋ! ಫಲ್ಲು ಫೋಯ್ತು!" ಅಂದ ಅಜ್ಜ.

ಪಾಪ, ಹಲ್ಲಿಲ್ಲದೆ ಹಲ್ಲು ಅನ್ನೋದು ಕಷ್ಟ.

ಅಜ್ಜ ಹಿಂದೆ ಹೆಡ್ ಮಾಸ್ತರಾಗಿದ್ದ. ಊರ ಮಕ್ಕಳೆಲ್ಲ ಅವನ ಬಾಯಿಗೆ ಹೆದರ್ತಿದ್ರು. ಈಗ ಆ ಬಾಯಿ ಬೋಳು! ಯಾರೂ ನೋಡಬಾರದು ಅಂತ ಅಜ್ಜ ಬಾಯಿಗೆ ಟವೆಲ್ ಮುಚ್ಚಿಕೊಂಡ. ಬೆಂಚಿನ ಮೇಲೆ ಮುದುರಿ ಕೂತ. ಮನೆಯಿಂದ ತಂದ ಡಬ್ಬಿಯಲ್ಲಿ ಚಕ್ಕುಲಿ ಬೇರೆ ಇತ್ತು.

ಅಪ್ಪ ತೋಳು ಮಡಚಿದ. "ಏಯ್ ಕೋತಿ! ನಾನು ಯಾರು ಗೊತ್ತಾ?"

ಕೋತಿ ತಿರುಗಿ ಕೂತು ಕೆಂಪು ಕುಂಡಿ ತೋರಿಸಿತು.

ಆಗ ಪಮ್ಮಿ ಹೋದಳು.
"ಕೋತಿ ಕೋತಿ, ಹಲ್ಲು ಕೊಡು.
ಹಲ್ಲು ಅಜ್ಜಂಗೆ.
ಅಜ್ಜ ಚಕ್ಕುಲಿ ತಿನ್ನಬೇಕು!"

"ಪುಕ್ಕಟೆ ಕೊಡಲ್ಲ," ಅಂತು ಕೋತಿ. "ಪೇರಲ ಹಣ್ಣು ತಗೊಂಡು ಬಾ."

ಪಮ್ಮಿ ಪೇರಲ ಮರದ ಹತ್ತಿರ ಹೋದಳು.
"ಮರ ಮರ, ಹಣ್ಣು ಕೊಡು.
ಹಣ್ಣು ಕೋತಿಗೆ.
ಹಲ್ಲು ಅಜ್ಜಂಗೆ.
ಅಜ್ಜ ಚಕ್ಕುಲಿ ತಿನ್ನಬೇಕು!"

"ಕೊಡಲ್ಲ," ಅಂತು ಮರ. "ಬರೋರೆಲ್ಲ ನನ್ನ ಮುಂದೆ ನಿಂತು ಫೋಟೋ ತೆಗೆಸ್ಕೋತಾರೆ. ಒಬ್ಬರಾದ್ರೂ ನೀರು ಹಾಕಿದ್ರಾ? ಬಾಯಾರಿ ಎಲೆಯೆಲ್ಲ ಜೋತುಬಿದ್ದಿದೆ. ಮೊದಲು ನೀರು."

ಪಮ್ಮಿ ಮಾಲಿ ಅಕ್ಕನ ಹತ್ತಿರ ಹೋದಳು. ಗಿಡಗಳಿಗೆ ನೀರು ಬಿಡೋದು ಮಾಲಿ ಅಕ್ಕನ ಕೆಲಸ.
"ಅಕ್ಕ ಅಕ್ಕ, ನೀರು ಬಿಡು.
ನೀರು ಮರಕ್ಕೆ.
ಹಣ್ಣು ಕೋತಿಗೆ.
ಹಲ್ಲು ಅಜ್ಜಂಗೆ.
ಅಜ್ಜ ಚಕ್ಕುಲಿ ತಿನ್ನಬೇಕು!"

"ಹೆಂಗೆ ಬಿಡ್ಲವ್ವ?" ಅಂದಳು ಮಾಲಿ ಅಕ್ಕ. "ನೋಡಲ್ಲಿ, ಪೈಪಿನ ಮೇಲೆ ಆ ಬಾತುಕೋಳಿ ಕೂತಿದೆ. ಕೈ ಹಾಕಿದ್ರೆ ಕುಕ್ಕುತ್ತೆ. ನಿನ್ನೆ ನನ್ನ ಸೆರಗು ನುಂಗೋಕೆ ಬಂದಿತ್ತು! ಮೊದಲು ಅದನ್ನ ಎಬ್ಬಿಸು."

ಪಮ್ಮಿ ಬಾತುಕೋಳಿಯ ಹತ್ತಿರ ಹೋದಳು. ತುಂಬ ಹತ್ತಿರ ಹೋಗಲಿಲ್ಲ.
"ಬಾತೇ ಬಾತೇ, ಪೈಪು ಬಿಡು.
ಪೈಪು ಅಕ್ಕಂಗೆ.
ನೀರು ಮರಕ್ಕೆ.
ಹಣ್ಣು ಕೋತಿಗೆ.
ಹಲ್ಲು ಅಜ್ಜಂಗೆ.
ಅಜ್ಜ ಚಕ್ಕುಲಿ ತಿನ್ನಬೇಕು!"

ಬಾತುಕೋಳಿ ಪಿಚಕ್ ಅಂತ ಪೈಪಿನ ಮೇಲೇ ಹಿಕ್ಕೆ ಹಾಕಿತು.

"ಕ್ವಾಕ್! ಇದು ನನ್ನ ಸಿಂಹಾಸನ," ಅಂತು. "ಇಳೀಬೇಕಾದ್ರೆ ಮಂಡಕ್ಕಿ ಬೇಕು. ಖಾರ ಹಾಕಿದ್ದು ಬೇಡ. ನನಗೆ ಗ್ಯಾಸ್ ಆಗುತ್ತೆ."

ಪಮ್ಮಿ ಅಮ್ಮನ ಹತ್ತಿರ ಓಡಿದಳು. ಮಂಡಕ್ಕಿ ಚೀಲ ಅಮ್ಮನ ಹೆಗಲಿಗಿತ್ತು.
"ಅಮ್ಮ ಅಮ್ಮ, ಮಂಡಕ್ಕಿ ಕೊಡು.
ಮಂಡಕ್ಕಿ ಬಾತಿಗೆ.
ಪೈಪು ಅಕ್ಕಂಗೆ.
ನೀರು ಮರಕ್ಕೆ.
ಹಣ್ಣು ಕೋತಿಗೆ.
ಹಲ್ಲು ಅಜ್ಜಂಗೆ.
ಅಜ್ಜ ಚಕ್ಕುಲಿ ತಿನ್ನಬೇಕು!"

"ನನಗೆಷ್ಟು ಕೈ ಇದಾವೆ?" ಅಂದಳು ಅಮ್ಮ. "ಒಂದು ಕೈಲಿ ತಮ್ಮನ ತಲೆ. ಇನ್ನೊಂದು ಕೈಲಿ ತಮ್ಮನ ಕುಂಡಿ. ಚೀಲದ ಗಂಟು ಏನು ಮೂಗಿಂದ ಬಿಚ್ಚಲಾ? ಮೊದಲು ಇವನು ಅಳು ನಿಲ್ಲಿಸಲಿ."

ತಮ್ಮ ಅಳ್ತಾ ಇದ್ದ. ಮೂಗಲ್ಲಿ ಗುಳ್ಳೆ ಬರೋ ಹಾಗೆ ಅಳ್ತಾ ಇದ್ದ.
"ತಮ್ಮ ತಮ್ಮ, ಅಳು ನಿಲ್ಲಿಸು.
ಅಳು ನಿಂತರೆ ಮಂಡಕ್ಕಿ.
ಮಂಡಕ್ಕಿ ಬಾತಿಗೆ.
ಪೈಪು ಅಕ್ಕಂಗೆ.
ನೀರು ಮರಕ್ಕೆ.
ಹಣ್ಣು ಕೋತಿಗೆ.
ಹಲ್ಲು ಅಜ್ಜಂಗೆ.
ಅಜ್ಜ ಚಕ್ಕುಲಿ ತಿನ್ನಬೇಕು!"

"ಞ್ಯಾಂ!" ಅಂದ ತಮ್ಮ.

ಪಮ್ಮಿ ಕಪ್ಪೆ ಥರ ಕುಪ್ಪಳಿಸಿದಳು. "ಞ್ಯಾಂ!"

ಅಪ್ಪ ಬಂದು ನಾಯಿ ಥರ ಬೊಗಳಿದ. "ಞ್ಯಾಂ! ಞ್ಯಾಂ!" ಪಕ್ಕದ ಮರದ ಕೆಳಗಿನ ಮಗುವೂ ಅಳೋಕೆ ಶುರು ಮಾಡಿತು.

ಪಮ್ಮಿಗೆ ಇನ್ನು ಯಾರ ಹತ್ತಿರ ಹೋಗಬೇಕೋ ತಿಳೀಲಿಲ್ಲ. ತಮ್ಮನ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಅವಳ ತುಟಿ ಸೊಟ್ಟಗಾಯ್ತು. ಕಣ್ಣಿಂದ ನೀರು ಬಂತು.

ಅಜ್ಜ ಬೆಂಚಿನ ಮೇಲಿಂದ ನೋಡಿದ. ಪಮ್ಮಿಯನ್ನ ನೋಡಿದ. ಆ ಕಡೆ ನೋಡಿದ, ಈ ಕಡೆ ನೋಡಿದ. ಹಾದಿ ತುಂಬ ಜನ. ಸ್ಕೂಲ್ ಮಕ್ಕಳ ದೊಡ್ಡ ಸಾಲೂ ಬರ್ತಿತ್ತು. ಅಜ್ಜ ಒಂದು ಉಸಿರು ಬಿಟ್ಟ. ಎದ್ದು ಬಂದ. ತಮ್ಮನ ಮುಂದೆ ಬಗ್ಗಿದ.

ಟವೆಲ್ ತೆಗೆದ.

"ಆ..." ಅಂತ ಬಾಯಿ ಅಗಲಿಸಿದ. ಒಂದೂ ಹಲ್ಲಿಲ್ಲ! ಮೇಲೂ ಇಲ್ಲ, ಕೆಳಗೂ ಇಲ್ಲ.

ತಮ್ಮ ಅಳೋದು ಮರೆತ. ಅಜ್ಜನ ಬಾಯಿ ನೋಡಿದ. ಇನ್ನೊಂದು ಸಲ ನೋಡಿದ. ಅರೆ, ಇವನೂ ನನ್ನ ಥರಾನೇ! ತಮ್ಮ ತನ್ನ ಬೋಳು ಬಾಯಿ ತೆಗೆದು ಖಿಲಖಿಲ ನಕ್ಕ. ಅಜ್ಜನೂ ನಕ್ಕ. ಸ್ಕೂಲ್ ಮಕ್ಕಳ ಸಾಲೆಲ್ಲ ನಕ್ಕಿತು. ನಗಲಿ ಬಿಡಿ, ಅಂದ್ಕೊಂಡ ಅಜ್ಜ.

ಆಮೇಲೆ ನೋಡಿ!

ತಮ್ಮ ಅಳು ನಿಲ್ಲಿಸಿದ.
ಅಮ್ಮ ಮಂಡಕ್ಕಿ ಕೊಟ್ಟಳು.
ಬಾತುಕೋಳಿ ಮಂಡಕ್ಕಿ ತಿಂದು ಪೈಪು ಬಿಟ್ಟಿತು.
ಮಾಲಿ ಅಕ್ಕ ಪೈಪು ಒರೆಸಿ ನೀರು ಬಿಟ್ಟಳು.
ಮರ ಗಟಗಟ ನೀರು ಕುಡೀತು. ದಪ್ಪನೆ ಹಣ್ಣು ಬೀಳಿಸಿತು.
ಪಮ್ಮಿ ಹಣ್ಣನ್ನ ಕೋತಿಗೆ ತೋರಿಸಿದಳು.

ಕೋತಿ ಹಣ್ಣು ಕಚ್ಚಬೇಕು. ಬಾಯಲ್ಲಿ ಅಜ್ಜನ ಹಲ್ಲು. ಎರಡು ಸೆಟ್ಟು ಹಲ್ಲಲ್ಲಿ ಪೇರಲ ತಿನ್ನೋಕಾಗುತ್ತಾ? ಥೂ, ಅಂತ ಉಗೀತು.

ಟಪ್! ಹಲ್ಲು ಪಮ್ಮಿ ಒಡ್ಡಿದ ಲಂಗದೊಳಗೆ ಬಿತ್ತು.

ಪಮ್ಮಿ ನಲ್ಲಿಯಲ್ಲಿ ಹಲ್ಲು ತೊಳೆದಳು. "ಕೋತಿ ಜೊಲ್ಲು! ಇನ್ನೊಂದ್ಸಲ ತೊಳಿ," ಅಂದಳು ಅಮ್ಮ. ಇನ್ನೊಂದ್ಸಲ ತೊಳೆದಳು. ಅಜ್ಜ ಹಲ್ಲು ಹಾಕ್ಕೊಂಡ. ಹುಲ್ಲಿನ ಮೇಲೆ ಕಾಲು ಚಾಚಿ ಕೂತ. ಡಬ್ಬಿ ತೆಗೆದ.

ಕರುಂ ಕುರುಂ. ಕರುಂ ಕುರುಂ.

"ಪಮ್ಮಿ, ನೀನು ಗಟ್ಟಿಗಿತ್ತಿ ಕಣೇ," ಅಂದ ಅಜ್ಜ. ಈಗ ಮಾತು ಸ್ಪಷ್ಟ. ಅಜ್ಜ ತಮ್ಮನ ಕಡೆ ತಿರುಗಿ ಹಲ್ಲು ಬಿಟ್ಟು ನಕ್ಕ.

ತಮ್ಮ ಆ ಹಲ್ಲು ನೋಡಿದ.

"ಞ್ಯಾಂ!"

"ತಾಳೋ ಮಾರಾಯ," ಅಂದ ಅಜ್ಜ. "ಈ ಚಕ್ಕುಲಿ ಒಂದು ಮುಗೀಲಿ."

ಚಕ್ಕುಲಿ ಮುಗೀತು. ಅಜ್ಜ ತಾನೇ ಹಲ್ಲು ತೆಗೆದ. ಅಂಗಿ ಜೇಬಿಗೆ ಹಾಕಿ ಗುಂಡಿ ಹಾಕಿದ. ತಮ್ಮನನ್ನ ಹೆಗಲಿಗೇರಿಸಿಕೊಂಡ. ಇಬ್ಬರೂ ಬೋಳು ಬಾಯಿ ಬಿಟ್ಟುಕೊಂಡು ನವಿಲು ನೋಡೋಕೆ ಹೋದ್ರು. ಪಮ್ಮಿ ಜೇಬು ಕಾಯ್ತಾ ಪಕ್ಕದಲ್ಲೇ ನಡೆದಳು.

ಕಥೆ ನಿಮಗೆ. ಉಳಿದ ಚಕ್ಕುಲಿ ನನಗೆ.