ಗಾಲಿಮನೆಗೆ ತಕ್ಕ ಲಾರಿ

"ಕೇಳಿರಪ್ಪಾ, ಕರಿಕೋಟೆ ಸಂಸ್ಥಾನದ ದೊರೆ ಮುದ್ದರಾಜೇ ಅರಸರ ಅಪ್ಪಣೆ. ಕುಮಾರಿ ಚಂಪಾಜಮ್ಮಣ್ಣಿಯವರು ಮದುವೆಯಾಗಿ ಘಟ್ಟದ ಕೆಳಗಿನ ಸೀಮೆಗೆ ಹೊರಡುತ್ತಾರೆ. ಅವರ ಗಾಲಿಮನೆಯನ್ನು ಎಳೆಯಲು ತಕ್ಕ ಲಾರಿ ಆರಿಸಿ, ದೊರೆಯ ಮೂರು ಒಗಟು ಬಿಡಿಸಿದವನಿಗೆ ಒಂದು ಊರು ಉಂಬಳಿ. ತಪ್ಪಿದವನನ್ನು ಅವನೇ ಆರಿಸಿದ ಲಾರಿಯಲ್ಲಿ ಕೂರಿಸಿ, ಹಿಂದೆ ಕಲ್ಲು ಹೇರಿದ ಬಂಡಿ ಕಟ್ಟಿ, ಘಾಟಿಯಲ್ಲಿ ಬಿಡಲಾಗುವುದು."

ಡಂಗುರ ಕೇಳಿದವರು ಮಕ್ಕಳನ್ನು ಒಳಕ್ಕೆ ಕರೆದುಕೊಂಡರು. ಆ ಕಾಲದಲ್ಲಿ ಇನ್ನೂ ದೊರೆಗಳಿದ್ದರು, ಲಾರಿಗಳು ಆಗಷ್ಟೇ ಬರತೊಡಗಿದ್ದವು. ಮಗಳಿಗೆ ತವರಿನ ನೆನಪು ಕಾಡಬಾರದೆಂದು ದೊರೆ ಅವಳ ಕೋಣೆಗಳಂತೆಯೇ ಒಂದು ಮನೆಯನ್ನು ಗಾಲಿಗಳ ಮೇಲೆ ಕಟ್ಟಿಸಿದ್ದ. ಕಲ್ಲಿನ ಕಂಬ, ತೇಗದ ತೊಲೆ, ತೂಗುಮಂಚ, ಎಲ್ಲವೂ ಇದ್ದವು. ಆ ಮನೆಗೆ ಹಿಂದೆ ಮಾತ್ರ ಗಾಲಿ. ಮುಂಭಾಗ ಕೊರಳಿನಂತೆ ಚಾಚಿಕೊಂಡು ಲಾರಿಯ ಬೆನ್ನ ಮೇಲೆ ಕೂರಬೇಕು.

ಅಂಗಳದಲ್ಲಿ ಮೂರು ಲಾರಿಗಳಿದ್ದವು. ಕೆಂಪನೆಯದು, ಹಸಿರಿನದು, ಬೂದಿ ಬಣ್ಣದ್ದು.

ಮೊದಲು ಬಂದವನು ಪಾಳೆಯಗಾರರ ಮನೆಯ ಭೈರನಾಯಕ. ಎಳೆಯುವ ತಾಕತ್ತು ಕಣ್ಣಿಗೆ ಕಾಣುವಾಗ ಒಗಟು ಯಾತಕ್ಕೆ ಎಂದು ಮೀಸೆಯ ಮೇಲೆ ಕೈಯಾಡಿಸಿದ. ದೊರೆ ನಗಲಿಲ್ಲ.

"ಅಂಗಳದಲ್ಲಿ ನಿಂತಾಗ ಹಗುರ, ಅಂಗಳ ದಾಟುವಾಗ ಭಾರ. ಅದು ಯಾವುದು? ಹಿಂದೆ ಬರುವವನು ಮುಂದಿನವನ ಬೆನ್ನ ಮೇಲೆ ತಲೆಯಿಟ್ಟು ಮಲಗುತ್ತಾನೆ. ತಲೆ ಎಲ್ಲಿಟ್ಟರೆ ಮುಂದಿನವನು ದಾರಿ ತಪ್ಪುವುದಿಲ್ಲ? ಹತ್ತುವಾಗ ಆಳಾಗಿ ಹಿಂದೆ ಬಂದವನು ಇಳಿಯುವಾಗ ಯಮನಾಗಿ ಬೆನ್ನಟ್ಟುತ್ತಾನೆ. ಅವನಿಂದ ನನ್ನ ಮಗಳನ್ನು ಉಳಿಸುವ ಲಾರಿ ಈ ಅಂಗಳದಲ್ಲಿ ಯಾವುದು?"

ನಾಯಕ ಮೊದಲನೆಯದಕ್ಕೆ ನೆನೆದ ಹತ್ತಿ ಎಂದ. ಎರಡನೆಯದಕ್ಕೆ, ಬಾಲದ ತುದಿಯಲ್ಲಿ ಎಂದ. ಕೊನೆಗೆ, ಎಲ್ಲಕ್ಕಿಂತ ಜೋರಾಗಿ ಎಳೆಯುವುದು ಕೆಂಪು ಲಾರಿಯೇ ಎಂದು ಅದರ ಮೂತಿ ತಟ್ಟಿದ. ಸಂಜೆಯ ಹೊತ್ತಿಗೆ ಘಾಟಿಯ ಮೇಲೆ ಹದ್ದುಗಳು ಸುತ್ತುತ್ತಿದ್ದವು.

ಎರಡನೆಯವನು ಜವಳಿ ಸಾಹುಕಾರರ ಮಗ ಗುರುಶಾಂತ. ಅವನು ಖಾಲಿ ಗಾಲಿಮನೆಯನ್ನು ಹಸಿರು ಲಾರಿಗೆ ಕಟ್ಟಿಸಿ ಅಂಗಳದಲ್ಲಿ ಸುತ್ತು ಹಾಕಿಸಿದ. ಹೂವಿನಂತೆ ಬಂತು ನೋಡಿ, ಒಗಟಿಗೆಲ್ಲ ಇದೇ ಉತ್ತರ ಎಂದು ಎಲ್ಲರತ್ತ ತಿರುಗಿದ. ಖಾಲಿ ಮನೆಯನ್ನೇ ಎಳೆಸಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಹೆಣ್ಣಿಗೆ ಕೊಡುವ ಮನೆಯೊಳಗೆ ಮುಹೂರ್ತಕ್ಕೆ ಮುಂಚೆ ಒಂದು ಕಾಳು ಅಕ್ಕಿಯೂ ಹೋಗಕೂಡದೆಂಬುದು ಆ ಸೀಮೆಯ ಪದ್ಧತಿ. ಹಸಿರು ಲಾರಿಯೂ ಘಾಟಿಯಿಂದ ಮರಳಿ ಬರಲಿಲ್ಲ.

ಆಮೇಲೆ ಯಾರೂ ಮುಂದೆ ಬರಲಿಲ್ಲ. ಮುಹೂರ್ತ ಮಾತ್ರ ಹತ್ತಿರವಾಗುತ್ತಿತ್ತು.

ಕುಮಾರಿಗೆ ಹಾಲೂಡಿಸಿ ಸಾಕಿದ ದೇವೀರವ್ವ ಅವಳ ಜೊತೆಗೆ ಆ ಮನೆಯಲ್ಲೇ ಕೂತು ಹೋಗುವವಳು. ಅವಳ ಮಗ ಮಾಳಿಂಗ ಪಲ್ಲಕ್ಕಿಗೆ ಹೆಗಲು ಕೊಡುತ್ತಿದ್ದವನು, ಈಗ ಅರಮನೆಯ ಲಾರಿಗಳನ್ನು ಒರೆಸುತ್ತಿದ್ದ. ತಾಯಿ ಸೀರೆ ಮಡಿಸಿ ಗಂಟು ಕಟ್ಟುವುದನ್ನು ನೋಡಿದ. ಹೋಗಬೇಡ ಎಂದು ಕೇಳಿಕೊಂಡ. ಮೊಲೆಯುಂಡ ಕೂಸನ್ನು ಒಂಟಿಯಾಗಿ ಕಳಿಸುವುದು ಹೇಗಪ್ಪ ಎಂದಳು ಅವಳು. ಮಾಳಿಂಗ ಮಿಂದು, ಮನೆದೇವರಿಗೆ ದೀಪ ಹಚ್ಚಿ, ಅರಮನೆಯ ಅಂಗಳಕ್ಕೆ ನಡೆದ.

ಕಾವಲಿನವನು, "ಉಳಿದಿರೋದು ಒಂದೇ ಲಾರಿ ಕಣಯ್ಯ. ಕುರುಡನೂ ಬೆರಳು ತೋರಿಸಿ ಊರು ಗೆಲ್ಲಬಹುದು" ಎಂದು ನಕ್ಕ.

ಮಾಳಿಂಗ ದೊರೆಗೆ ಕೈಮುಗಿದು ನಿಧಾನವಾಗಿ ಹೇಳಿದ. ಮೊದಲ ಒಗಟಿನದು ಈ ಮನೆಯೇ. ಪದ್ಧತಿಗಾಗಿ ಖಾಲಿ ನಿಂತಿದೆ. ಮುಹೂರ್ತ ಬಂದರೆ ಅಕ್ಕಿ ಮೂಟೆ, ನೀರಿನ ಹಂಡೆ, ಒರಳು, ಬೀಸುವ ಕಲ್ಲು, ದೇವರ ಪೆಟ್ಟಿಗೆ, ಎಲ್ಲ ಒಳಗೆ ಬರುತ್ತವೆ, ಹೆಂಗಸರೂ ಹತ್ತುತ್ತಾರೆ. ಲಾರಿ ಎಳೆಯಬೇಕಾದದ್ದು ಆ ಮನೆಯನ್ನು, ಇದನ್ನಲ್ಲ. ಎರಡನೆಯದಕ್ಕೆ, ಮನೆಯ ಕೊರಳು ಲಾರಿಯ ಹಿಂಗಾಲಿಗಳ ಅಚ್ಚಿನ ನೇರಕ್ಕೆ ಕೂರಬೇಕು. ಬಾಲದ ತುದಿಯಲ್ಲಿ ಕೂತರೆ ಮೂತಿ ಮೇಲೇಳುತ್ತದೆ, ಮುಂಗಾಲಿಗೆ ನೆಲದ ಹಿಡಿತ ತಪ್ಪುತ್ತದೆ.

"ಮೂರನೆಯದು?" ಎಂದ ದೊರೆ. ಅವನ ದನಿ ಸಣ್ಣಗಾಗಿತ್ತು.

"ಇಳಿಜಾರಿನಲ್ಲಿ ಯಮನಾಗೋದೂ ಈ ಮನೆಯೇ, ಬುದ್ಧಿ. ಪಲ್ಲಕ್ಕಿ ಇಳಿಸುವಾಗ ಎಳೆದು ಸತ್ತವರಿಲ್ಲ, ತಡೆಯೋಕಾಗದೆ ಬಿದ್ದವರಿದ್ದಾರೆ. ಹೊತ್ತು ನಿಲ್ಲಬೇಕು, ಹಿಡಿದು ನಿಲ್ಲಿಸಬೇಕು. ಅಂಥ ಲಾರಿ ಇಲ್ಲಿ ಯಾವುದೂ ಇಲ್ಲ."

ದೊರೆ ಉಳಿದಿದ್ದ ಲಾರಿಯತ್ತ ಬೆರಳು ತೋರಿಸಿದ.

"ಹಾಗಾದರೆ ಆ ಬೂದಿ ಬಣ್ಣದ್ದು ಏನು?"

"ಒಳ್ಳೇ ಲಾರಿ ಬುದ್ಧಿ. ಹಿಂದೆ ಜೋಡಿ ಗಾಲಿ ಇದೆ, ಬ್ರೇಕು ಗಟ್ಟಿ ಇದೆ. ಲಾರಿ ಚಿಕ್ಕದಲ್ಲ, ಮನೆ ದೊಡ್ಡದು. ಕಂಬ ಇಳಿಸಿ, ಒರಳು ಹೇರಬೇಡಿ. ಚಿಕ್ಕಮ್ಮಣ್ಣಿಯವರಿಗೆ ಕೂರೋಕೆ ಒಂದು ಕೋಣೆ ಸಾಕು. ಪದ್ಧತಿ ಮುರಿದರೂ ಸರಿ, ಒಳಗೆ ಹೋಗೋ ಜನ ಸಾಮಾನಿನಷ್ಟೇ ತೂಕದ ಕಲ್ಲು ತುಂಬಿ ಮೊದಲು ನಾನು ಇಳೀತೀನಿ."

ಭಟರು ದೊರೆಯ ಮುಖ ನೋಡಿದರು. ದೊರೆ ಗಾಲಿಮನೆಯ ಕಂಬ ಸವರಿದ. ಆಮೇಲೆ ಗಾರೆಯವರನ್ನು ಕರೆಸಿ, ಒಂದು ಕೋಣೆ ಉಳಿಸಿ ಮಿಕ್ಕ ಕೋಣೆ, ಕಂಬಗಳನ್ನು ಬಿಚ್ಚಿಸಿದ. ಕಲ್ಲು ತುಂಬಿಸಿ, ಕೊರಳನ್ನು ಹೇಳಿದ ಜಾಗದಲ್ಲಿ ಕೂರಿಸಿದ್ದಾಯಿತು. ಡ್ರೈವರ್ ಹತ್ತಿದ, ಮಾಳಿಂಗ ಹತ್ತಿದ. ಯಾರೂ ಎಣಿಸಿರಲಿಲ್ಲ, ದೊರೆಯೂ ಹತ್ತಿ ಮಾಳಿಂಗನ ಪಕ್ಕ ಕೂತ.

ಘಾಟಿ ಶುರುವಾದೊಡನೆ ಹಿಂದಿನ ಮನೆ ತಳ್ಳತೊಡಗಿತು. ಲಾರಿ ಮುಲುಗಿತು, ಬ್ರೇಕಿನಿಂದ ಸುಟ್ಟ ವಾಸನೆ ಬಂತು. ಮಾಳಿಂಗ ಕಣ್ಣು ಮುಚ್ಚಿ ಶಿವಶಿವಾ ಎನ್ನುತ್ತಿದ್ದ. ದೊಡ್ಡ ತಿರುವಿನಲ್ಲಿ, ಎಲ್ಲಕ್ಕಿಂತ ಕಡಿದಾದ ಕಡೆ, ಅವನು ಡ್ರೈವರಿಗೆ ನಿಲ್ಲಿಸಲು ಹೇಳಿದ. ಗಾಲಿಗಳು ಕಿರುಗುಟ್ಟಿ, ಲಾರಿ ನಡುಗಿ, ನಿಂತಿತು. ಹಿಂದಿನ ಮನೆಯೂ ನಿಂತಿತು.

ಕೆಳಗೆ ಕೊರಕಲಿನಲ್ಲಿ ಕೆಂಪು ತಗಡು ಕಾಣುತ್ತಿತ್ತು. ಅದರ ಪಕ್ಕದಲ್ಲೇ ಹಸಿರಿನದು.

ದೊರೆ ಇಳಿದು ಅಂಚಿನವರೆಗೆ ನಡೆದ.

"ಮೂರನೆಯದರ ಉತ್ತರ ನನಗೂ ಗೊತ್ತಿರಲಿಲ್ಲ ಮಾಳಿಂಗ" ಎಂದ. "ಅದನ್ನು ತಿಳಿಯೋಕೇ ಇವರನ್ನು ಕಳಿಸಿದೆ."

ದೊರೆ ಪೇಟ ತೆಗೆದು ಕೊರಕಲಿನತ್ತ ಕೈಮುಗಿದ.

ಮುಹೂರ್ತದ ದಿನ ಕುಮಾರಿ ಒಂದೇ ಕೋಣೆಯ ಮನೆಯಲ್ಲಿ, ದೇವೀರವ್ವನ ತೊಡೆಗೊರಗಿ, ಕ್ಷೇಮವಾಗಿ ಘಟ್ಟ ಇಳಿದಳು. ಮಾಳಿಂಗನಿಗೆ ಉಂಬಳಿಯ ಊರು ಸಿಕ್ಕಿತು. ಅದರ ಜೊತೆಗೆ ಘಾಟಿಯ ಅಧಿಕಾರವೂ ಸಿಕ್ಕಿತು. ಅವನು ಕೈಯಿಟ್ಟು ನೋಡಿ ಹೂಂ ಅನ್ನದೆ ಯಾವ ಬಂಡಿಯೂ ಇಳಿಯುವಂತಿರಲಿಲ್ಲ. ಮಾರನೆಯ ವರ್ಷ ದೊರೆಯ ಸ್ವಂತ ಮೋಟಾರನ್ನೇ ಅವನು ತಡೆದು, ಹಿಂದೆ ಕಟ್ಟಿದ್ದ ಪೆಟ್ಟಿಗೆಗಳನ್ನು ಇಳಿಸಲು ಹೇಳಿದನಂತೆ. ದೊರೆ ಇಳಿದು, ಒಂದು ಪೆಟ್ಟಿಗೆಗೆ ತಾನೇ ಕೈ ಹಾಕಿದನಂತೆ. ಆ ದಾರಿಯಲ್ಲಿ ಹೋಗುವವರನ್ನೆಲ್ಲ ಶಿವ ಹೀಗೆಯೇ ಕಾಯಲಿ.