ಕೆರೆಗಿಳಿದ ಎಮ್ಮೆ

ವಯಸ್ಸಾದ ಎಮ್ಮೆಯೊಂದು ಸುಡುಬಿಸಿಲಲ್ಲಿ ನಡೆದು ಬಂದು ಕೆರೆಗಿಳಿಯಿತು. ಕುತ್ತಿಗೆವರೆಗೆ ಮುಳುಗಿ ನಿಂತು, ನಿನ್ನೆ ಇನ್ನೊಂದು ಎಮ್ಮೆ ತನ್ನ ಪಾಲಿನ ಹುಲ್ಲು ತಿಂದದ್ದನ್ನು ನೆನೆದು ಸಿಟ್ಟಾಯಿತು. ನಾಳೆಯೂ ಹಾಗೇ ಆದರೆ ಎಂದು ಕಂಗಾಲಾಯಿತು.

ಕೊಂಬಿನ ಮೇಲೆ ಕೂತಿದ್ದ ಬೆಳ್ಳಕ್ಕಿ ಕೇಳಿತು: "ಅಕ್ಕಾ, ನೀರು ತಂಪಾಗಿದೆಯೇ?"

"ಯಾವ ನೀರು?"

"ನೀನು ಮುಳುಗಿ ನಿಂತಿರುವ ನೀರು."

ಎಮ್ಮೆ ಸುತ್ತ ನೋಡಿ ನಾಚಿತು. "ಬೆಳಗಿನಿಂದ ಈ ನೀರಿಗಾಗಿಯೇ ಬಾಯಿ ಬಿಡುತ್ತಿದ್ದೆ. ಮೈಯನ್ನು ಮಾತ್ರ ತಂದು ಇಳಿಸಿ, ಮನಸ್ಸನ್ನು ಹುಲ್ಲುಗಾವಲಲ್ಲೇ ಬಿಟ್ಟು ಬಂದಿದ್ದೇನೆ. ನನ್ನಂಥ ಎಮ್ಮೆ ಇನ್ನೊಂದಿಲ್ಲ!" ಎಂದು ನಕ್ಕು, ಕಣ್ಣು ಮುಚ್ಚಿ ನೀರಿಗೆ ಮೈ ಚೆಲ್ಲಿತು.

ಅಷ್ಟರಲ್ಲಿ ಒಡತಿ ಸಿದ್ದವ್ವ ದಡದಿಂದ ಕೂಗಿದಳು: "ಸಾಕು, ಏಳೇ! ಬಂದು ಎಷ್ಟು ಹೊತ್ತಾಯಿತು?"

"ಈಗ ತಾನೇ ಬಂದೆ," ಎಂದಿತು ಎಮ್ಮೆ.